ಸಮುದ್ರದ ಕಡೆಯ ಗೋಡೆ

“ಮುಟ್ಟಬಹುದಾ?” ಎಂದು ಬೆರ್ಜುಹಿ ಅಮ್ಮ ಕೇಳಿದರು.

ಮುರುಗೆಪ್ಪ ಬಾಯಿ ತೆರೆಯುವ ಮೊದಲೇ ಆ ಮುದುಕಿಯ ಬೆರಳುಗಳು ಮಾದರಿಯ ಮೇಲೆ ಇಳಿದಿದ್ದವು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಮನುಷ್ಯರನ್ನು ದನಿಯಿಂದ ಗುರುತಿಸುತ್ತಿದ್ದರು. ಈಗ ಕಟ್ಟಡಗಳನ್ನು ಬೆರಳಿನಿಂದ ಗುರುತಿಸಲು ಹೊರಟಿದ್ದರು.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆ ಹೋಟೆಲಿನ ಸಭಾಂಗಣ ಶುಕ್ರವಾರದ ಬೆಳಗ್ಗೆ ಖಾಲಿಯಾಗಿತ್ತು. ನಾಳೆ ಇಲ್ಲಿ ಸುರ್ಪ್ ಮಿನಾಸ್ ಸೆಮಿನರಿಯ ಎಂಬತ್ತನೆಯ ವರ್ಷದ ಪ್ರದರ್ಶನ. ಲೆಬನಾನಿನ ಬೆಟ್ಟದ ಮೇಲೆ ಅರ್ಮೇನಿಯನ್ ಪಾದ್ರಿಗಳನ್ನು ತಯಾರು ಮಾಡುವ ಶಾಲೆ ಅದು. ಅದರ ಒಂದೊಂದು ಕಟ್ಟಡವೂ ಮರದ ತುಂಡು, ಅಕ್ರಿಲಿಕ್ ಹಾಳೆಗಳಲ್ಲಿ ಪುಟ್ಟದಾಗಿ ಮೇಜಿನ ಮೇಲೆ ನಿಂತಿತ್ತು. ಹಾಗೆ ನಿಲ್ಲಿಸಿದವನು ಉಡುಪಿಯ ಮೋಹನದಾಸ್. ದುಬೈಯ ಅಲ್ ಕೂಜಿನಲ್ಲಿ ಮಾದರಿ ಮಾಡುವ ವರ್ಕ್‌ಶಾಪಿನ ಮ್ಯಾನೇಜರ್.

ಎಲ್ಲ ಇತ್ತು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾಗಿದ್ದ ಒಂದು ಕಲ್ಲು ಮಾತ್ರ ಇರಲಿಲ್ಲ.

ಸೆಮಿನರಿಯ ಪ್ರಾರ್ಥನಾಮಂದಿರದ ಅಡಿಗಲ್ಲು ಅದು. ಗಾಜಿನ ಪೆಟ್ಟಿಗೆಯ ಅಳತೆಗೆಂದು ವರ್ಕ್‌ಶಾಪಿಗೆ ಹೋದದ್ದು ಅಲ್ಲಿಂದಲೇ ಕಾಣೆಯಾಯಿತು. ಪೊಲೀಸರ ತನಕ ಹೋದರೆ ಸಮುದಾಯದ ಮಾನ ಹೋಗುತ್ತದೆಂದು ಇಲ್ಲಿನ ಅರ್ಮೇನಿಯನ್ ಸಂಘದವರು ಮುರುಗೆಪ್ಪನನ್ನು ಕರೆದರು. ಬರ್ ದುಬೈಯ ಆಫೀಸೊಂದರಲ್ಲಿ ವಿಮೆಯ ಸರ್ವೇಯರ್ ಆಗಿದ್ದ ಮುರುಗೆಪ್ಪ, ಬಿಡುವಿನಲ್ಲಿ ಇಂಥ ಕೆಲಸ ಸದ್ದಿಲ್ಲದೆ ಮಾಡಿಕೊಡುತ್ತಿದ್ದ. ವರ್ಕ್‌ಶಾಪಿನ ಬೀಗ ಮುರಿದಿಲ್ಲ, ಕಿಟಕಿ ಅಲುಗಿಲ್ಲ, ಬಾಗಿಲ ಬೀಗದ ಕೈ ಮೋಹನದಾಸನ ಬಳಿ ಮಾತ್ರ. ಹಾಗಾಗಿ ತೆಗೆದವನು ಅವನೇ ಎಂದು ಮುರುಗೆಪ್ಪ ವರದಿಯಲ್ಲಿ ಹೇಳಿದ. ಹೇಳಿದ ಮರುದಿನ ವರ್ಕ್‌ಶಾಪಿನ ಅರಬಿ ಮಾಲೀಕ, ಎಲ್ಲರೂ ಅರಬಾಬ್ ಎಂದು ಕರೆಯುವ ಅಬು ಸೈಫ್, ಮೋಹನದಾಸನ ವೀಸಾ ಕ್ಯಾನ್ಸಲ್ ಮಾಡಿಸಿದ.

ಇವತ್ತು ರಾತ್ರಿ ವಿಮಾನ. ಮತ್ತೆ ಈ ದೇಶಕ್ಕೆ ಕಾಲಿಡದಂತೆ ಪಾಸ್‌ಪೋರ್ಟಿನಲ್ಲಿ ಬ್ಯಾನ್. ಹೆಂಡತಿ ಸ್ವರ್ಣಲತಾ, ಮಗಳು ಅಮಿತಾ, ಇಬ್ಬರ ವೀಸಾವೂ ಅವನದಕ್ಕೇ ಗಂಟು ಹಾಕಿದ್ದು. ಅಮಿತಾ ಹತ್ತನೇ ಕ್ಲಾಸು. ಬೋರ್ಡ್ ಪರೀಕ್ಷೆ ಬರುವ ತಿಂಗಳು.

ವರದಿ ಕೊಟ್ಟಾಗಿನಿಂದ ಮುರುಗೆಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ತಪ್ಪಾಗಿದೆಯೆಂದು ಹೇಳಲು ಆಧಾರವಿಲ್ಲ, ಸರಿಯಾಗಿದೆಯೆಂದು ಹೇಳಲು ಧೈರ್ಯವಿಲ್ಲ. ಬೆಳಗ್ಗೆ ಹೊರಡುವಾಗ ಹೆಂಡತಿ ಕಮಲಾಬಾಯಿ ತಟ್ಟೆ ಎತ್ತುತ್ತ ಚುಚ್ಚಿದ್ದಳು: “ಅರ್ಧಾ ರೊಟ್ಟಿಗೇ ಏಳಾಕತ್ತೀರಲ್ಲ, ಉಳಿದ ಅರ್ಧಾ ಆ ಸ್ವರ್ಣಲತಾಗ ಕಟ್ಟಿ ಕೊಡ್ಲೇನು? ಊರಿಗೆ ಹೋಗೋ ದಾರ್‍ಯಾಗ ತಿನ್ನಾಕ ಆದೀತು.”

“ಇದು ಕಾರ್ಖಾನೆ,” ಎಂದರು ಬೆರ್ಜುಹಿ ಅಮ್ಮ, ಉದ್ದನೆಯ ಕಟ್ಟಡದ ಕಮಾನು ಕಿಟಕಿಗಳನ್ನು ಒಂದೊಂದಾಗಿ ಸವರುತ್ತ. ಅವರದು ನಿಧಾನದ ಇಂಗ್ಲಿಷು. “ಮೊದಲು ಫ್ರೆಂಚರು ಇಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಮೊದಲ ಮಹಾಯುದ್ಧ ಬಂತು, ರೇಷ್ಮೆ ಹೋಯಿತು, ಗೂಡು ಒಣಗಿಸುವ ಅಟ್ಟ ಖಾಲಿ ಬಿತ್ತು. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ತುರ್ಕಿಯ ಕಿಲಿಕಿಯಾದಿಂದ ನಡೆದು ಬಂದ ಅನಾಥ ಮಕ್ಕಳನ್ನು ಆ ಅಟ್ಟದಲ್ಲೇ ಮಲಗಿಸಿದರು. ನನ್ನ ಗಂಡ ಅವರಲ್ಲಿ ಒಬ್ಬ. ಮಳೆ ಬಂದರೆ ಗೋಡೆಯಿಂದ ಸತ್ತ ಹುಳದ ವಾಸನೆ ಬರುತ್ತಿತ್ತಂತೆ. ಸಾಯುವ ತನಕ ಹೇಳಿದ.”

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ಮುರುಗೆಪ್ಪ ರೇಷ್ಮೆಯನ್ನು ನೂಲಾಗಿ ಮಾತ್ರ ಕಂಡವನು. ನೂಲಿಗೆ ಮೊದಲು ಹುಳ ಸಾಯಬೇಕೆಂದು ಅವನಿಗೆ ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ.

“ಆಮೇಲೆ?”

“ಆಮೇಲೆ ಒಬ್ಬ ಮುದಿ ಪಾದ್ರಿ ಬಂದ. ದೊಡ್ಡ ಹುಡುಗರಿಗೆ ಪಾಠ ಶುರು ಮಾಡಿದ. ಅನಾಥಾಶ್ರಮ ಹಾಗೇ ಸೆಮಿನರಿಯಾಯಿತು. ಇದು ಕ್ಲಾಸುಗಳು, ಹುಡುಗರೇ ಕಲ್ಲು ಹೊತ್ತು ಕಟ್ಟಿದ್ದು. ಇದು ಗಂಟೆಗೋಪುರ, ಅಮೆರಿಕದ ಒಬ್ಬ ಕಾರ್ಪೆಟ್ ವ್ಯಾಪಾರಿ ಕಟ್ಟಿಸಿದ್ದು. ಅವನ ಹೆಸರು ಗಂಟೆಗಿಂತ ದೊಡ್ಡದಾಗಿತ್ತು!” ಮುದುಕಿ ನಕ್ಕರು. ಬೆರಳು ಮುಂದೆ ಸರಿದು ಪುಟ್ಟ ಗುಮ್ಮಟದ ಮೇಲೆ ನಿಂತಿತು. “ಇದು ನಮ್ಮ ಪ್ರಾರ್ಥನಾಮಂದಿರ. ಲೆಬನಾನಿನ ಅಂತರ್ಯುದ್ಧದಲ್ಲಿ ಶೆಲ್ ಬಿದ್ದು ನೆಲಸಮವಾದದ್ದು. ಸಮುದ್ರ ಎಲ್ಲಿ ಇಟ್ಟಿದ್ದಾನೆ ನಿನ್ನ ಹುಡುಗ?”

ಮುರುಗೆಪ್ಪ ಅವರ ಕೈ ಹಿಡಿದು ಮಾದರಿಯ ಅಂಚಿನ ನೀಲಿ ಹಾಳೆಗೆ ಮುಟ್ಟಿಸಿದ. ಅವರು ಅಲ್ಲಿಂದ ಹಿಂದಕ್ಕೆ ಸವರುತ್ತ ಬಂದು ಮಂದಿರದ ಬಾಗಿಲು ಹುಡುಕಿಕೊಂಡರು.

“ಸರಿ. ಬಾಗಿಲು ಸಮುದ್ರದ ಕಡೆ, ಬಲಿಪೀಠ ಬೆಟ್ಟದ ಕಡೆ. ಗೊತ್ತಿರುವವನು ಕಟ್ಟಿದ್ದು.”

“ಹಾಗೇ ಇರಬೇಕಾ, ಅಮ್ಮ?”

“ಇರಬೇಕಾ ಅಂದರೆ! ನಮ್ಮ ಯಾವ ಚರ್ಚಾದರೂ ಬಲಿಪೀಠ ಸೂರ್ಯ ಹುಟ್ಟುವ ಕಡೆಗೇ. ಮೊದಲ ವರ್ಷ ಚರ್ಚ್ ಎಂದರೆ ಒಂದು ಡೇರೆ. ಬೆಟ್ಟದ ಗಾಳಿ ದೀಪ ಆರಿಸುತ್ತಿತ್ತು. ಡೇರೆ ತಿರುಗಿಸೋಣ ಎಂದರೆ ಆ ಮುದಿ ಪಾದ್ರಿ, ದೀಪ ಆರಲಿ, ದಿಕ್ಕು ತಪ್ಪಬಾರದು ಅಂದನಂತೆ. ಸಂಜೆ ಪ್ರಾರ್ಥನೆಗೆ ಹುಡುಗರು ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಸೂರ್ಯ ನೀರಿಗಿಳಿಯುವುದನ್ನು ಕದ್ದು ನೋಡಿದವನಿಗೆ ಏಟು. ನನ್ನ ಗಂಡ ದಿನಾ ತಿಂದ.”

ಮುರುಗೆಪ್ಪ ನಗಲು ಹೋದ. ನಗು ಅರ್ಧದಲ್ಲೇ ನಿಂತಿತು.

ಮಾದರಿಯ ಪಕ್ಕದ ಸ್ಟ್ಯಾಂಡಿನ ಮೇಲೆ ದೊಡ್ಡ ಫೋಟೋ ಇತ್ತು. ಸಂಘದ ಅಧ್ಯಕ್ಷ ನಜರೇತ್, ಕೂದಲು ಇನ್ನೂ ಕಪ್ಪಗಿದ್ದ ಕಾಲದಲ್ಲಿ, ಎದೆಗೆ ಒಂದು ಕಲ್ಲನ್ನು ಅವಚಿಕೊಂಡು ನಿಂತಿದ್ದ. ಇಟ್ಟಿಗೆಯಷ್ಟು ಕಲ್ಲು, ಮೇಲೆ ಶಿಲುಬೆ. ಕೆಳಗೆ ಬರೆದಿತ್ತು: ‘1991. ಬಲಿಪೀಠದ ಅಡಿಯಲ್ಲಿ ದೊರೆತ ಅಡಿಗಲ್ಲು.’

ಅವನ ಬೆನ್ನ ಹಿಂದೆ ಒಡೆದ ಗೋಡೆ. ಗೋಡೆಯಲ್ಲಿ ಕಿಟಕಿ. ಕಿಟಕಿಯಾಚೆ ಸಮುದ್ರ. ಒಂದು ಹಡಗೂ ಇತ್ತು.

ಈ ಫೋಟೋವನ್ನು ಮುರುಗೆಪ್ಪ ಎಷ್ಟು ಸಲ ನೋಡಿದ್ದ! ನೋಡಿದಾಗಲೆಲ್ಲ ಕಣ್ಣು ಕಲ್ಲಿಗೇ ಹೋಗಿತ್ತು. ಸಮುದ್ರವಿಲ್ಲದ ಊರಲ್ಲಿ ಬೆಳೆದವನಿಗೆ ಸಮುದ್ರವೆಂದರೆ ಒಂದಿಷ್ಟು ನೀರು. ಅದಕ್ಕೊಂದು ದಿಕ್ಕಿದೆಯೆಂದು ಹೊಳೆದಿರಲಿಲ್ಲ.

ಬಲಿಪೀಠ ಬೆಟ್ಟದ ಕಡೆಯಿದ್ದರೆ ಅದರ ಹಿಂದೆ ಸಮುದ್ರ ಕಾಣುವುದು ಹೇಗೆ?

ಅವನು ಮಾದರಿಯ ಮೇಲೆ ಬಗ್ಗಿದ. ಮಂದಿರದ ಕಿಟಕಿಗಳು ಸಪುರ, ನೆಟ್ಟಗೆ. ಫೋಟೋದ ಕಿಟಕಿ ಅಗಲ, ಮೇಲೆ ಕಮಾನು. ಅಂಥ ಕಿಟಕಿಗಳ ಸಾಲು ಇದ್ದದ್ದು ಒಂದೇ ಕಟ್ಟಡದಲ್ಲಿ: ರೇಷ್ಮೆ ಕಾರ್ಖಾನೆಯ ಸಮುದ್ರದ ಕಡೆಯ ಗೋಡೆಯಲ್ಲಿ.

ಆ ಕಲ್ಲು ಬಲಿಪೀಠದ ಅಡಿಯಿಂದ ಬಂದದ್ದಲ್ಲ.

ಈ ಮಾತನ್ನು ಅವನು ಮೊದಲೇ ಕೇಳಿದ್ದ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ವಿಚಾರಣೆಯ ದಿನ ಮೋಹನದಾಸ್ ಮೀಸೆ ತಿರುವುತ್ತ, ತನ್ನ ಎಂದಿನ ಗತ್ತಿನಲ್ಲೇ ಅಂದಿದ್ದ: “ಆ ಫೋಟೋ ಸರಿ ಇಲ್ಲ ಅಂತ ನಜರೇತ್ ಸಾರಿಗೆ ಹೇಳಿದ್ದೇ ನನ್ನ ತಪ್ಪಾಯ್ತು ನೋಡಿ. ಆವತ್ತಿಂದ ಅವರು ನನ್ನ ಮುಖ ನೋಡುದಿಲ್ಲ.” ಆಗ ಮುರುಗೆಪ್ಪ ಏನೆಂದಿದ್ದ? “ಫೋಟೋದ ಮಾತು ಬ್ಯಾಡ್ರಿ. ಕೀಲಿಕೈ ಮಾತು ಹೇಳ್ರಿ.”

ಜೇಬಿನಲ್ಲಿ ಮೊಬೈಲ್ ಕುಂಯ್ ಎಂದಿತು. ಸ್ವರ್ಣಲತಾ.

“ಮುರುಗೆಪ್ಪಣ್ಣ, ಇವರು ಬೆಳಗ್ಗೆ ಬೇಗ ಹೋದವರು ಇನ್ನೂ ಬರ್ಲಿಲ್ಲ. ನಿಮ್ಮೊಟ್ಟಿಗೆ ಉಂಟಾ?”

“ಇಲ್ಲವ್ವಾ. ನಾ ಅಬುಧಾಬಿಯೊಳಗ ಅದೀನಿ. ಎಲ್ಲಿಗ್ ಹೋಗ್ತೀನಂದ್ರು?”

“ಎಂತ ಹೇಳ್ಲಿಲ್ಲ. ರಾತ್ರಿ ಇಡೀ ನಿದ್ರೆ ಮಾಡ್ಲಿಲ್ಲ. ಸೂಟ್‌ಕೇಸಿಗೆ ಒಂದು ಅಂಗಿ ಸಮೇತ ಹಾಕ್ಲಿಲ್ಲ ಮಾರಾಯ್ರೆ. ನನ್ನ ಮೇಲೆ ಸಿಟ್ಟು ಮಾಡ್ಬೇಡಿ, ಒಂದು ಕೇಳ್ತೇನೆ. ನಿಮಗೆ ನಿಜವಾಗಿ ಇವರೇ ತೆಗೆದದ್ದು ಅಂತ ಕಾಣ್ತದಾ?”

ಮುರುಗೆಪ್ಪ ಮತ್ತೆ ಫೋಟೋದ ಕಿಟಕಿಯತ್ತ ನೋಡಿದ. ಅಷ್ಟರಲ್ಲಿ ಯಾರೋ ಫೋನ್ ಕಸಿದುಕೊಂಡರು.

“ಅಂಕಲ್, ಡಿಡ್ ಯು ಫೈಂಡ್ ಇಟ್?” ಅಮಿತಾಳ ದನಿ.

“ಸಿಗಾಕತ್ತೈತಿ ಮಗಳ. ನೀ ಓದ್ಕೋ ಹೋಗು.”

ಓದ್ಕೋ ಹೋಗು! ಹೇಳಿದ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆದರೆ ಇಲ್ಲಿ ಕೆಟ್ಟದ್ದು ಅವನ ಮನೆಯಲ್ಲ, ಇನ್ನೊಬ್ಬನದು.

ಸಭಾಂಗಣದ ಬಾಗಿಲು ತೆರೆಯಿತು. ನಜರೇತ್ ಒಳಗೆ ಬಂದ. ಎರಡೂ ಕೈಯಲ್ಲಿ ಹೂವಿನ ಕುಂಡ.

“ಗುಡ್ ಮಾರ್ನಿಂಗ್, ಮಿಸ್ಟರ್ ಮುರ್ಗಪ್! ಬೆರ್ಜುಹಿ ಅಮ್ಮ, ನೀವು ಮಾದರಿ ಮುಟ್ಟುತ್ತಿದ್ದೀರಾ? ಮುಟ್ಟಿ, ಮುಟ್ಟಿ. ನಾಳೆ ಬಿಷಪ್ಪರು ಬಂದರೆ ಯಾರೂ ಹತ್ತಿರ ಬಿಡುವುದಿಲ್ಲ.”

ದುಬೈಯ ದೇರಾದ ಚಿನ್ನದ ಮಾರುಕಟ್ಟೆಯಲ್ಲಿ ಉಂಗುರ, ಬಳೆಗಳ ಮೇಲೆ ಹೆಸರು ಕೆತ್ತುವವನು ನಜರೇತ್. ದೊಡ್ಡ ದೇಹ, ಸಣ್ಣ ದನಿ. ಸುರ್ಪ್ ಮಿನಾಸಿನಲ್ಲೇ ಓದಿ, ಪಾದ್ರಿಯಾಗದೆ ಉಳಿದವನು.

“ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು. ಒಳಗೆ ಬನ್ನಿ,” ಎಂದ ಮುರುಗೆಪ್ಪ. ಫೋಟೋವನ್ನು ಸ್ಟ್ಯಾಂಡಿನಿಂದ ಇಳಿಸಿ ಕಂಕುಳಲ್ಲಿ ಹಿಡಿದ.

ಸಭಾಂಗಣದ ಪಕ್ಕದ ಆಫೀಸು ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಫೋನು. ಮುರುಗೆಪ್ಪ ಬಾಗಿಲು ಮುಚ್ಚಿದ. ಫೋಟೋವನ್ನು ಮೇಜಿನ ಮೇಲೆ ಮಲಗಿಸಿ ಕಿಟಕಿಯ ಮೇಲೆ ಬೆರಳಿಟ್ಟ.

“ಇದು ಯಾವ ಕಟ್ಟಡದ ಕಿಟಕಿ?”

“ಯಾವ ಕಿಟಕಿ?” ನಜರೇತ್ ನಕ್ಕ. “ಎಲ್ಲರೂ ಕಲ್ಲು ನೋಡುತ್ತಾರೆ. ನೀವು ಕಿಟಕಿ ನೋಡುತ್ತೀರಿ.”

“ಬಲಿಪೀಠದ ಹಿಂದೆ ಸಮುದ್ರ ಹೇಗೆ ಬಂತು?”

ನಗು ನಿಂತಿತು. ನಜರೇತ್ ಕುರ್ಚಿ ಎಳೆದುಕೊಂಡು, ಕುಳಿತುಕೊಳ್ಳದೆ, ಅದರ ಬೆನ್ನು ಹಿಡಿದು ನಿಂತ.

“ಆ ಮಾದರಿಯವನು ನಿಮಗೆ ಹೇಳಿಕೊಟ್ಟನಾ?”

“ಹೇಳಲು ಬಂದಿದ್ದ. ನಾನು ಬಾಯಿ ಮುಚ್ಚಿಸಿದೆ. ಈಗ ಹೇಳಿಕೊಟ್ಟವರು ಹೊರಗಿದ್ದಾರೆ, ಕಣ್ಣು ಕಾಣದ ಅಮ್ಮ. ಕರೆಯಲಾ? ಈ ಫೋಟೋದಲ್ಲಿ ಏನಿದೆಯೆಂದು ಅವರಿಗೆ ನೀವೇ ಓದಿ ಹೇಳಿ.”

“ಬೇಡ!” ಆ ಸಣ್ಣ ದನಿ ಚೀರಿತು. “ಅವರಿಗೆ ಬೇಡ. ದಯವಿಟ್ಟು.”

ಈಗ ಕುಳಿತ. ದಪ್ಪ ಬೆರಳುಗಳು ಮೇಜಿನ ಮೇಲೆ ಏನೋ ಕೆತ್ತುವಂತೆ ಅಲುಗಾಡುತ್ತಿದ್ದವು.

“ನಮ್ಮಲ್ಲಿ ಚರ್ಚು ಕಟ್ಟುವಾಗ ಹದಿನಾರು ಕಲ್ಲು ಇಡುತ್ತಾರೆ. ನೀರಿನಲ್ಲಿ ತೊಳೆದು, ದ್ರಾಕ್ಷಾರಸದಲ್ಲಿ ತೊಳೆದು, ಪವಿತ್ರ ತೈಲ ಹಚ್ಚಿ, ಅಡಿಪಾಯದಲ್ಲಿ ಹೂಳುತ್ತಾರೆ. ಯುದ್ಧ ಮುಗಿದ ಮೇಲೆ ನಾನು ಹುಡುಕಲು ಹೋದೆ. ಏನಿದೆ ಅಲ್ಲಿ? ಮಂದಿರದ ಮಣ್ಣು ಕಲ್ಲನ್ನೆಲ್ಲ ಲಾರಿಯಲ್ಲಿ ಸಾಗಿಸಿ ರಸ್ತೆಯ ಗುಂಡಿಗೆ ತುಂಬಿದ್ದರು. ಹದಿನಾರು ಕಲ್ಲಿನ ಮೇಲೆ ಬಸ್ಸು ಓಡುತ್ತಿತ್ತು.”

“ಮತ್ತೆ ಇದು?”

“ಬೈರೂತಿನಲ್ಲಿ ಮುದುಕರು ಕಾಯುತ್ತಿದ್ದರು. ಆ ಅಟ್ಟದಲ್ಲಿ ಮಲಗಿ ಬೆಳೆದ ಅನಾಥರು. ಒಂದೇ ಒಂದನ್ನು ಮುಟ್ಟಿಸು, ಸಾಕು, ಅಂದಿದ್ದರು. ಬರಿಗೈಲಿ ಹೋಗಲು ನನಗೆ ಕಾಲೇ ಬರಲಿಲ್ಲ. ಕಾರ್ಖಾನೆಯ ಗೋಡೆಯಿಂದ ಬಿದ್ದ ಒಂದು ಕಲ್ಲು ಎತ್ತಿಕೊಂಡೆ. ಜತೆಗಿದ್ದವನು ಫೋಟೋ ತೆಗೆದ. ಅದಕ್ಕೆ ಮೊದಲೇ ನಾನು ಶಿಲುಬೆ ಕೆತ್ತಿಯಾಗಿತ್ತು. ಕೆತ್ತುವುದೇ ನನ್ನ ಕಸುಬಲ್ಲವಾ?” ಅವನು ತಲೆ ತಗ್ಗಿಸಿದ. “ಮುದುಕರು ಅದಕ್ಕೆ ಮುತ್ತಿಟ್ಟರು. ಒಬ್ಬ ಎದೆಯ ಮೇಲಿಟ್ಟುಕೊಂಡೇ ಪ್ರಾಣ ಬಿಟ್ಟ. ಆಮೇಲೆ ಹೇಗೆ ಹೇಳಲಿ ನಾನು? ಯಾರಿಗೆ ಹೇಳಲಿ?”

ಹೊರಗೆ ಬೆರ್ಜುಹಿ ಅಮ್ಮ ಯಾವುದೋ ಪ್ರಾರ್ಥನೆಯ ರಾಗ ಗುನುಗುತ್ತಿದ್ದರು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಬಾಗಿಲ ಕಡೆ ನೋಡಲಿಲ್ಲ.

“ಅಷ್ಟಾದರೆ ಯಾರಿಗೂ ಕೇಡಾಗುತ್ತಿರಲಿಲ್ಲ,” ಎಂದ ಮುರುಗೆಪ್ಪ.

“ಆಗುತ್ತಿರಲಿಲ್ಲ. ಆ ಉಡುಪಿಯವನು ಮಾದರಿ ಮಾಡುತ್ತ ಕೇಳಿಬಿಟ್ಟ. ಸಾರ್, ಸಮುದ್ರ ಯಾಕೆ ಹಿಂದೆ ಬಂತು ಅಂತ. ಇವನೇ ಕೇಳಿದರೆ ಬಿಷಪ್ಪರು ಕೇಳುವುದಿಲ್ಲವಾ? ವರ್ಕ್‌ಶಾಪಿನವರಿಗೆ ಬಕ್ಲಾವಾ ಸಿಹಿ ತೆಗೆದುಕೊಂಡು ಹೋದೆ. ಎಲ್ಲರೂ ಡಬ್ಬದ ಸುತ್ತ ನಿಂತು ತಿನ್ನುತ್ತಿದ್ದರು. ಕಲ್ಲಿಟ್ಟಿದ್ದ ಪೆಟ್ಟಿಗೆಯ ಬೀಗದ ಕೈ ನನ್ನಲ್ಲೇ ಇತ್ತು. ಡಬ್ಬ ತಂದ ಚೀಲದಲ್ಲೇ ಕಲ್ಲು ಹೊರಗೆ ಬಂತು, ಹಗಲು ಬೆಳಕಿನಲ್ಲಿ.”

ಬಾಗಿಲಿನ ಬೀಗ ಮುರಿದಿಲ್ಲ, ಕಿಟಕಿ ಅಲುಗಿಲ್ಲ. ಮುರಿಯುವ ಅಗತ್ಯವೇ ಇರಲಿಲ್ಲ. ಗಿರಾಕಿಯಾಗಿ ಬಂದವನ ಚೀಲದ ಬಗ್ಗೆ ಮುರುಗೆಪ್ಪ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಲು ಸಂಕೋಚ, ಕೆಲಸಕ್ಕೆ ಕರೆದವನೇ ಅವನಲ್ಲವೇ?

“ಕಲ್ಲು ಈಗ ಎಲ್ಲಿದೆ?”

“ಖೋರಿನಲ್ಲಿ, ದುಬೈಯ ನಡುವಿನ ಆ ಕಡಲ ಕಾಲುವೆಯಲ್ಲಿ. ಬರ್ ದುಬೈಯಿಂದ ಅಬ್ರಾ ದೋಣಿ ಹತ್ತಿದೆ, ದೇರಾ ಕಡೆಗೆ. ನಡುನೀರಿನಲ್ಲಿ ಚೀಲದಿಂದ ಮೆಲ್ಲಗೆ ಕೈ ಬಿಟ್ಟೆ. ಪಕ್ಕದಲ್ಲಿದ್ದವನು ಮೀನು ಅಂದುಕೊಂಡ.”

“ನೀವು ಕಲ್ಲು ನೀರಿಗೆ ಹಾಕಿದಿರಿ. ಜತೆಗೆ ಒಂದು ಸಂಸಾರವನ್ನೂ ಹಾಕಿದಿರಿ.”

ನಜರೇತ್ ತಲೆಯೆತ್ತಿದ. ಕಣ್ಣು ಒದ್ದೆ, ಆದರೆ ನೋಟ ನೇರವಾಗಿತ್ತು.

“ನಾನು ಅವನ ಹೆಸರು ಹೇಳಲಿಲ್ಲ, ಮಿಸ್ಟರ್ ಮುರ್ಗಪ್. ಯಾರೋ ಕದ್ದರು ಅಂದೆ, ಅಷ್ಟೇ. ಸಿಗದೆ ಹೋಗಲಿ, ಮರೆತು ಹೋಗಲಿ ಅಂತ ಬೇಡಿಕೊಂಡೆ. ಹೆಸರು ಹೇಳಿದ್ದು ನೀವು.”

ಉಳಿದದ್ದು ಒಂದೇ ಕೆಲಸ. ಮುರುಗೆಪ್ಪ ಫೋನನ್ನು ನಜರೇತನ ಮುಂದಕ್ಕೆ ತಳ್ಳಿದ.

“ಅರಬಾಬನಿಗೆ ಫೋನ್ ಮಾಡಿ. ಕಲ್ಲು ತೆಗೆದದ್ದು ನಾನೇ, ಮೋಹನದಾಸ್ ನಿರಪರಾಧಿ, ಈ ಎರಡೇ ಮಾತು. ಮುದುಕರ ಕಥೆ ಬೇಡ. ಬಿಷಪ್ಪರ ಹತ್ತಿರ ನೀವು ಏನು ಹೇಳುತ್ತೀರೋ ಅದು ನಿಮ್ಮ ದೇವರಿಗೆ ಬಿಟ್ಟದ್ದು.”

“ನನ್ನ ಅಂಗಡಿ ಹೋಗುತ್ತದೆ. ನನ್ನ ಮುಖ ಹೋಗುತ್ತದೆ.”

“ಹೌದು. ನನ್ನದೂ ಹೋಗುತ್ತದೆ. ಲೈಸೆನ್ಸ್ ಇಲ್ಲದೆ ವಿಚಾರಣೆ ಮಾಡಿದವನು ನಾನು. ಒತ್ತಿ ನಂಬರು.”

ನಜರೇತ್ ಎರಡು ಸಲ ತಪ್ಪು ಒತ್ತಿ ಮೂರನೆಯ ಸಲ ಸರಿ ಒತ್ತಿದ. ಸ್ಪೀಕರ್ ಗುಂಡಿಯನ್ನು ಮುರುಗೆಪ್ಪನೇ ಅದುಮಿದ. ಗಂಟೆ ಬಾರಿಸಿತು. ಎದೆ ಹಗುರಾದಂತೆ ಅನಿಸಿತು. ಇಷ್ಟು ದಿನಗಳಲ್ಲಿ ಮೊದಲ ಸಲ ಹಸಿವಾಯಿತು.

“ಹಲೋ, ನಜರೇತ್!” ಅಬು ಸೈಫ್ ಹಳೆಯ ಬೊಂಬಾಯಿ ವ್ಯಾಪಾರದ ಹಿಂದಿಯಲ್ಲಿ ಗುಡುಗಿದ. “ನಾನೇ ಮಾಡೋನಿದ್ದೆ. ಮಬ್ರೂಕ್, ಮಬ್ರೂಕ್, ಅಭಿನಂದನೆ!”

“ಅರಬಾಬ್, ನಾನು ಒಂದು ಮಾತು ಹೇಳಬೇಕು. ಆ ಕಲ್ಲು…”

“ಕಲ್ಲು ಸಿಕ್ಕಿತಲ್ಲ! ನನ್ನ ಮೇಜಿನ ಮೇಲೇ ಇದೆ. ಆ ಮೋಹನದಾಸನೇ ತಂದು ಇಟ್ಟ, ಬೆಳಗ್ಗೆ ಮನೆ ಬಾಗಿಲಿಗೇ ಬಂದ. ನಾನೇ ಕದ್ದೆ, ಮಾಫ್ ಮಾಡಿ ಅಂತ ಕಾಲು ಹಿಡಿದ. ಯಾ ಸಲಾಮ್!”

ನಜರೇತ್ ಫೋನಿನ ಕಡೆ ಬಗ್ಗಿದ.

“ಯಾವ ಕಲ್ಲು?” ನಜರೇತನ ದನಿ ಹೊರಡಲೇ ಇಲ್ಲ, ತುಟಿ ಮಾತ್ರ ಅಲುಗಿತು. ಮುರುಗೆಪ್ಪನೇ ಕೇಳಬೇಕಾಯಿತು.

“ಯಾವ ಕಲ್ಲು ಅಂದರೇನು? ಇಟ್ಟಿಗೆಯಷ್ಟು ದಪ್ಪ, ಮೇಲೆ ನಿಮ್ಮ ಶಿಲುಬೆ. ಎತ್ತಿ ನೋಡಿದೆ, ಭಾರ ಇದೆ. ಹಳೆಯ ಕಲ್ಲು.”

ನಜರೇತ್ ಮುರುಗೆಪ್ಪನ ತೋಳು ಹಿಡಿದ. ಉಗುರು ಅಂಗಿಯ ಮೇಲಿಂದಲೇ ನಾಟಿತು. “ನಾನು ಸುಳ್ಳು ಹೇಳಲಿಲ್ಲ,” ಎಂದು ಪಿಸುಗುಟ್ಟಿದ. “ನನ್ನ ಮಕ್ಕಳಾಣೆ. ನನ್ನ ಕಲ್ಲು ನೀರಿನ ತಳದಲ್ಲಿದೆ. ಅಂಥದ್ದು ಇನ್ನೊಂದು ಇಲ್ಲ.”

“ಅರಬಾಬ್, ಅವನನ್ನು ಕಳಿಸಿಬಿಡಬೇಡಿ,” ಎಂದ ಮುರುಗೆಪ್ಪ. “ಅವನು ಕದ್ದಿಲ್ಲ. ಅವನು ಹೇಳಿದ್ದು ಸುಳ್ಳು.”

“ಕಳಿಸುವುದಾ? ಟಿಕೆಟ್ ಮಾತು ಖಲಾಸ್. ಬಾಯಿಬಿಟ್ಟು ಕದ್ದೆ ಅಂದ ಮೇಲೆ ನಾನು ಸುಮ್ಮನಿದ್ದರೆ ನನ್ನ ಮೇಲೇ ಬರುತ್ತದೆ. ಪೊಲೀಸರಿಗೆ ಫೋನ್ ಮಾಡಿಯಾಯಿತು, ಬರುತ್ತಿದ್ದಾರೆ. ಈಗ ಜೈಲಿನ ಮಾತು.”

“ಅವನ ಕೈಗೆ ಫೋನ್ ಕೊಡಿ. ಒಂದೇ ನಿಮಿಷ.”

ಏನೋ ಸರಿದ ಸದ್ದು. ಆಮೇಲೆ ಮೋಹನದಾಸನ ದನಿ. ಅದರಲ್ಲಿ ಅಳುಕಿರಲಿಲ್ಲ. ಬಹಳ ದಿನಗಳ ಹೊರೆ ಇಳಿಸಿದವನ ದನಿ ಅದು.

“ನಮಸ್ಕಾರ ಮುರುಗೆಪ್ಪಣ್ಣ. ನೀವು ಹೇಳಿದ ಹಾಗೇ ಮಾಡಿದೆ ಮಾರಾಯ್ರೆ. ಆವತ್ತು ಕಾರಿನಲ್ಲಿ ಹೇಳಿದ್ರಲ್ಲ, ಕಲ್ಲು ತಂದು ಕೊಟ್ಟು ತಪ್ಪಾಯ್ತು ಅನ್ನಿ, ನಾನು ಎಲ್ಲ ಮುಗಿಸಿ ಕೊಡ್ತೇನೆ ಅಂತ. ತಂದು ಕೊಟ್ಟೆ. ಇನ್ನು ಅಮಿತಾಗೆ ಇಲ್ಲೇ ಪರೀಕ್ಷೆ ಬರೀಲಿಕ್ಕೆ ಆಗ್ತದಲ್ಲ?”

ಹೌದು, ವಿಚಾರಣೆ ಮುಗಿದ ದಿನ ಮನೆಗೆ ಬಿಡುವಾಗ ಮುರುಗೆಪ್ಪ ಅಂದಿದ್ದ. ಕರುಣೆಯೆಂದುಕೊಂಡು ಅಂದಿದ್ದ.

“ಮೋಹನದಾಸರ,” ಎಂದ. “ನೀವ್ ಕದ್ದಿಲ್ಲ, ಅದು ನನಗ ಗೊತ್ತಾತ್ರಿ. ಆ ಕಲ್ಲ ಎಲ್ಲಿಂದ ತಂದ್ರಿ?”

ಆ ಕಡೆ ಅವನು ಪಕ್ಕಕ್ಕೆ ಸರಿದ ಸದ್ದು ಕೇಳಿಸಿತು.

“ಅದೊಂದು ಕೇಳ್ಬೇಡಿ ಅಣ್ಣ,” ಎಂದ ಮೋಹನದಾಸ್, ಬಹಳ ಮೆಲ್ಲಗೆ. “ಅದನ್ನು ಹೇಳಿದ್ರೆ ಕೆತ್ತಿಕೊಟ್ಟ ಇನ್ನೊಬ್ಬರ ವೀಸಾ ಹೋಗ್ತದೆ.”

ಅವನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಭಾರವಾದ ಬೂಟುಗಳು. “ಸಲಾಮ್ ಅಲೈಕುಂ,” ಎಂದಿತು ಗುರುತಿಲ್ಲದ ಗಂಡು ದನಿಯೊಂದು, ಮತ್ತು ಫೋನು ಸತ್ತುಹೋಯಿತು.